ಡೂಪ್ಲಿಕೇಟಿನ ಒರಿಜಿನಲ್

ಸೂಪರ್ ಮಾರಿಯೋ ಬ್ರದರ್ಸ್ ಎಂಬ ಇಡೀ ಆಟ 40 ಕಿಲೋಬೈಟಿನಲ್ಲಿ ಮುಗಿದುಹೋಗುತ್ತದೆ. ಎಂಟು ಲೋಕ, ಮೂವತ್ತೆರಡು ಹಂತ, ಆಮೆ, ಅಣಬೆ, ಕೋಟೆ, ಕೋಟೆಯೊಳಗೆ ಬೆಂಕಿ ಉಗುಳುತ್ತ ಕೂತ ಬೌಸರ್, ಅವನ ಹಿಂದೆ ಸಿಕ್ಕಿಯೂ ಸಿಗದ ರಾಜಕುಮಾರಿ, ಇಷ್ಟಕ್ಕೂ ಬೇಕಾದ ಸಂಗೀತ, ಎಲ್ಲ ಸೇರಿ 40. ಬೆಳಗಾಗುತ್ತಲೇ ಫ್ಯಾಮಿಲಿ ಗ್ರೂಪಿಗೆ ದೊಡ್ಡಮ್ಮ ಕಳಿಸುವ ಗುಲಾಬಿ ಹೂವಿನ ಶುಭೋದಯದಲ್ಲಿ ಇಂಥ ಎರಡು ಮಾರಿಯೋಗಳು ಕಾಲು ಚಾಚಿ ಮಲಗಬಹುದು. ಜಾಗ ಉಳಿಸಲು ಆಟ ಮಾಡಿದವರು ಪಟ್ಟ ಪಾಡು ಒಂದೆರಡಲ್ಲ. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಚಿತ್ರ ಒಂದೇ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಚಿಕ್ಕಂದಿನಲ್ಲಿ ಇದನ್ನು ನಮ್ಮಲ್ಲಿ ಯಾರೂ ಕಂಡುಹಿಡಿಯಲಿಲ್ಲ. ಆಮೆ ಎದುರಿಗೆ ಬರುತ್ತಿರುವಾಗ ಪೊದೆಯ ಅಂದ ನೋಡುತ್ತ ನಿಲ್ಲುವ ರಸಿಕರು ಮೊದಲ ಹಂತದಲ್ಲೇ ತೀರಿಹೋಗುತ್ತಾರೆ.

ಆ 40 ಕಿಲೋಬೈಟು ಈಗ ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲಾಗಿ ಕೂತಿದೆ. ಅದನ್ನು ಓಡಿಸುವುದಕ್ಕೆ ಎಮ್ಯುಲೇಟರ್ ಎಂಬ ಸಾಫ್ಟ್‌ವೇರು. ಅದು ಮಾಡುವುದು ಇಷ್ಟೆ: ನನ್ನ ಕಂಪ್ಯೂಟರು ಕಂಪ್ಯೂಟರೇ ಅಲ್ಲ, 1983ರ ಜಪಾನಿನ ಆಟದ ಪೆಟ್ಟಿಗೆ ಎಂದು ನಟಿಸುತ್ತದೆ. ಆಟ ಪಾಪ, ಅದನ್ನು ನಂಬುತ್ತದೆ. ನಂಬದವನು ನನ್ನ ಭಾವಮೈದ ಒಬ್ಬನೇ.

"ಭಾವ, ನೀವು ಆಡುದು ಮಾರಿಯೋ ಅಲ್ಲ, ಮಾರಿಯೋನ ಫೋಟೋ" ಎನ್ನುತ್ತಾನೆ.

ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು. ಹೊಟ್ಟೆಪಾಡಿಗೆ ವಾರವಿಡೀ ಸಾಫ್ಟ್‌ವೇರು ಬರೆದು, ಭಾನುವಾರ ಬಂತೆಂದರೆ ಸಾಫ್ಟ್‌ವೇರನ್ನು ಬೈಯುತ್ತ ಹಳೆಯ ಹಾರ್ಡ್‌ವೇರ್ ಹುಡುಕಿಕೊಂಡು ಸಂಡೆ ಬಜಾರಿಗೆ ಹೋಗುತ್ತಾನೆ. ಕಂಪನಿಯ ಕೆಲಸಕ್ಕೆ ಜಪಾನಿಗೆ ಹೋಗಿಬರುವ ಸಹೋದ್ಯೋಗಿಗಳ ಕೈಗೆ ಚೀಟಿ ಕೊಟ್ಟು ಕಾಡಿ ಬೇಡಿ ಒಂದು ಫ್ಯಾಮಿಕಾಮ್ ತರಿಸಿಕೊಂಡಿದ್ದಾನೆ. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 14,800 ಯೆನ್‌ಗೆ ಮಾರಾಟಕ್ಕಿಟ್ಟ, ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್ ರೂಪಿಸಿದ ಕೆಂಪು–ಬಿಳಿ ಪೆಟ್ಟಿಗೆ ಅದು. ಅಮೆರಿಕದಲ್ಲಿ ಬೂದು ಬಣ್ಣದ ಅಂಗಿ ತೊಟ್ಟು ಎನ್‌ಇಎಸ್ ಎನಿಸಿಕೊಂಡಿತು. ಒಳಗಿರುವ ರಿಕೋ ಚಿಪ್ಪಿನ ವೇಗ 1.79 ಮೆಗಾಹರ್ಟ್ಜ್, ಕೆಲಸ ಮಾಡಲು ಇಟ್ಟುಕೊಂಡ ಮೆಮೊರಿ 2 ಕಿಲೋಬೈಟು. ನೀವು ಓದುತ್ತಿರುವ ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ; ಕನ್ನಡದ ಒಂದೊಂದು ಅಕ್ಷರಕ್ಕೂ ಕೊಂಬಿಗೂ ಯೂನಿಕೋಡಿನಲ್ಲಿ ಮೂರು ಮೂರು ಬೈಟು ಬೇಕು. ಎರಡನೆಯ ಆಟಗಾರನ ಕಂಟ್ರೋಲರಿನಲ್ಲಿ ಒಂದು ಪುಟ್ಟ ಮೈಕು ಬೇರೆ ಇದೆ. ಜೆಲ್ಡಾ ಆಟದಲ್ಲಿ ದೊಡ್ಡ ಕಿವಿಯ ಒಂದು ಜಾತಿಯ ಪ್ರಾಣಿ ಬರುತ್ತದೆ; ಆ ಮೈಕಿನಲ್ಲಿ ಜೋರಾಗಿ ಕೂಗಿದರೆ ಅದು ಸಾಯುತ್ತದೆ. ಎಮ್ಯುಲೇಟರಿನಲ್ಲಿ ಅದಕ್ಕೆ ಒಂದು ಕೀ ಒತ್ತಿದರೆ ಸಾಕು. ಭಾವಮೈದ ರಾತ್ರಿ ಹನ್ನೊಂದಕ್ಕೆ ಮೈಕಿನಲ್ಲಿ ಕೂಗುತ್ತಾನೆ. ಮೇಲಿನ ಮನೆಯವರು ಏನೆಂದುಕೊಂಡಿದ್ದಾರೋ, ಮೆಟ್ಟಿಲಲ್ಲಿ ಸಿಕ್ಕರೆ ಅವನ ಹೆಂಡತಿಯನ್ನು ಬಹಳ ಮರುಕದಿಂದ ಮಾತನಾಡಿಸುತ್ತಾರಂತೆ.

ನಮ್ಮ ಈ ವಾದಕ್ಕೆ ಬುಡದಲ್ಲೇ ಒಂದು ತೊಡಕಿದೆ. ನಾನೂ ಅವನೂ ಚಿಕ್ಕಂದಿನಲ್ಲಿ ಆಡಿದ್ದು ಒರಿಜಿನಲ್ ಯಂತ್ರದಲ್ಲೇ ಅಲ್ಲ. ತೊಂಬತ್ತರ ದಶಕದ ಪುತ್ತೂರಿನಲ್ಲಿ, ಸುಳ್ಯದಲ್ಲಿ, ನಿಂಟೆಂಡೊ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ. ದುಬೈ, ಕುವೈತಿನಿಂದ ಬರುವ ಚಿಕ್ಕಪ್ಪಂದಿರ ಸೂಟ್‌ಕೇಸಿನಲ್ಲಿ ಅತ್ತರು, ಟ್ಯಾಂಗ್ ಡಬ್ಬ, ಕೊಡಲಿ ಗುರುತಿನ ಎಣ್ಣೆಯ ನಡುವೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದದ್ದು ತೈವಾನಿನಲ್ಲೋ ಚೀನಾದಲ್ಲೋ ಹುಟ್ಟಿದ ಡೂಪ್ಲಿಕೇಟು. ಒಳಗೆ ಫ್ಯಾಮಿಕಾಮಿನ ಚಿಪ್ಪುಗಳ ನಕಲು. ಹೊರಗೆ ತಯಾರಿಸಿದವನ ಮನಸ್ಸಿಗೆ ಬಂದ ಹೆಸರು. ಆಮೇಲೆ ಅಂಥವೇ ಮಂಗಳೂರಿನ ಅಂಗಡಿಗಳಲ್ಲೂ ಸಿಗತೊಡಗಿದವು. ಅದರಲ್ಲಿ ಆಡಿ ಬೆಳೆದ ಇಬ್ಬರು ಮಧ್ಯವಯಸ್ಕರು ಈಗ ಕೂತು ಒರಿಜಿನಲ್ ಹೆಚ್ಚೋ ನಕಲು ಹೆಚ್ಚೋ ಎಂದು ತರ್ಕ ಮಾಡುವುದನ್ನು ನಿಂಟೆಂಡೊ ಕಂಪನಿಯ ಊರಾದ ಕ್ಯೋಟೊ ನಗರದ ಯಾವ ಪುಣ್ಯಾತ್ಮ ಕೇಳಿಸಿಕೊಂಡರೂ ಮುಖ ಮುಚ್ಚಿಕೊಂಡಾನು.

ಆ ಡೂಪ್ಲಿಕೇಟನ್ನು ಟೀವಿಗೆ ಹೊಂದಿಸುವುದೇ ಒಂದು ಕೆಲಸವಾಗಿತ್ತು. ಟೀವಿಯ ಹಿಂದೆ ಆಂಟೆನಾದ ವಯರು ತೆಗೆದು ಅಲ್ಲಿ ಗೇಮಿನ ವಯರು ಸಿಕ್ಕಿಸಬೇಕು. ಮುಂದೆ ಒಬ್ಬ ಟ್ಯೂನಿಂಗ್ ಗುಬುಟು ತಿರುಗಿಸುತ್ತಿರಬೇಕು, ಇನ್ನೊಬ್ಬ "ಬಂತು… ಬಂತು… ಹೋಯ್ತು" ಎಂದು ಹೇಳುತ್ತಿರಬೇಕು. ಮಾರಿಯೋ ಬಂದರೂ ಬಣ್ಣ ಬರುತ್ತಿರಲಿಲ್ಲ, ಬಣ್ಣ ಬಂದರೆ ಸ್ವರ ಹೋಗುತ್ತಿತ್ತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ದೂರದಲ್ಲಿ ಗುಡುಗು. ಏಪ್ರಿಲ್–ಮೇ ತಿಂಗಳ ಸಂಜೆ ನಮ್ಮ ಕಡೆಯ ಸಿಡಿಲು ಎಂದರೆ ತಮಾಷೆಯಲ್ಲ. ಶಾಲೆಗೆ ರಜೆ ಇರುವುದೂ ಆ ಎರಡು ತಿಂಗಳೇ. ಮೊದಲ ಗುಡುಗಿಗೇ ಒಳಗಿನಿಂದ ಅಜ್ಜನ ಆಜ್ಞೆಯಾಗುತ್ತಿತ್ತು: "ಪ್ಲಗ್ ಎಳಿ!" ಕಾಂಟ್ರಾ ಎಂಬ ಆಟದ ಜಲಪಾತ ಹತ್ತಿ ಕೊನೆಯ ರಾಕ್ಷಸನ ಎದುರು ನಿಂತವನಿಗೆ ಆ ಎರಡು ಪದ ಏನು ಮಾಡುತ್ತವೆಂದು ಅನುಭವಿಸಿದವನೇ ಬಲ್ಲ. ಆಟವನ್ನು ಉಳಿಸಿಡುವ ಉಪಾಯ ಆ ಕ್ಯಾಸೆಟ್ಟುಗಳಲ್ಲಿ ಇರಲಿಲ್ಲ. ಈಗ ಎಮ್ಯುಲೇಟರಿನಲ್ಲಿ ರಾಕ್ಷಸನ ಗುಂಡು ಅರ್ಧ ದಾರಿಯಲ್ಲಿರುವಾಗಲೇ ಆಟ ಉಳಿಸಿ, ಊಟ ಮಾಡಿ, ಮರುದಿನ ಬಂದು ಅದೇ ಗುಂಡಿನಿಂದ ತಪ್ಪಿಸಿಕೊಳ್ಳಬಹುದು. ಸತ್ತರೆ ಒಂದು ಕೀ ಒತ್ತಿ ಕಾಲವನ್ನು ಹಿಂದಕ್ಕೆ ಓಡಿಸಬಹುದು. ಅಜ್ಜನ ಕಾಲಕ್ಕೆ ಇದು ಬರಬೇಕಿತ್ತು.

ಹಿರಿಯರ ಇನ್ನೊಂದು ಸಿದ್ಧಾಂತ, ಗೇಮ್ ಆಡಿದರೆ ಟೀವಿಯ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎನ್ನುವುದು. ಮಕ್ಕಳನ್ನು ಓಡಿಸಲು ಕಟ್ಟಿದ ಕತೆ ಎಂದೇ ನಾವು ತಿಳಿದಿದ್ದೆವು. ಅದರಲ್ಲಿ ಒಂದು ಚೂರು ನಿಜವಿತ್ತು. ಒಂದೇ ಚಿತ್ರ ಗಂಟೆಗಟ್ಟಲೆ ಅಲುಗದೆ ನಿಂತರೆ ಗಾಜಿನ ಒಳಮೈಗೆ ಬಳಿದ ರಂಜಕ ಅಲ್ಲಿ ಸುಟ್ಟು ನೆರಳಿನಂಥ ಕಲೆ ಉಳಿಯುತ್ತದೆ. ಆದರೆ ಗಂಟೆಗಟ್ಟಲೆ ಆಡಲು ನಮ್ಮನ್ನು ಬಿಟ್ಟವರು ಯಾರು?

ಕ್ಯಾಸೆಟ್ಟಿನ ವಿಷಯವನ್ನೂ ಹೇಳಬೇಕು. ಅದರ ಮೇಲೆ 9999999 ಆಟಗಳು ಎಂದು ಬರೆದಿರುತ್ತಿತ್ತು. ಹಾಕಿದರೆ ಸಮುದ್ರತೀರದ ಚಿತ್ರ, ಹಾರುವ ಹಕ್ಕಿ, ಪಕ್ಕದಲ್ಲಿ ಉದ್ದನೆಯ ಪಟ್ಟಿ. ಮೊದಲನೆಯದು ಕಾಂಟ್ರಾ, ಆರನೆಯದೂ ಕಾಂಟ್ರಾ, ಅದರಲ್ಲಿ 30 ಜೀವ, ಹದಿನೈದನೆಯದೂ ಕಾಂಟ್ರಾ, ನೇರ ಮೂರನೇ ಹಂತದಿಂದ. ಬ್ಯಾಟಲ್ ಸಿಟಿ, ರೋಡ್ ಫೈಟರ್, ಸರ್ಕಸ್ ಚಾರ್ಲಿ, ಎಲ್ಲವೂ ಹೀಗೆ ಹೆಸರಿಗೆ ಬಾಲ ಅಂಟಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಗುಣಾಕಾರದ ಮೇಲೆ ನಂಬಿಕೆ ಕಳೆದುಕೊಳ್ಳಲು ನಮಗೆ ಅದೇ ಮೊದಲ ಪಾಠ. ಆ 30 ಜೀವಗಳ ಮೂಲವನ್ನು ದೊಡ್ಡವನಾದ ಮೇಲೆ ಓದಿದೆ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ 1986ರಲ್ಲಿ ಗ್ರಾಡಿಯಸ್ ಎಂಬ ಆಟವನ್ನು ಫ್ಯಾಮಿಕಾಮಿಗೆ ಇಳಿಸುವಾಗ, ಪರೀಕ್ಷೆ ಮಾಡಲು ಆಡಿ ನೋಡಿದರೆ ತನಗೇ ಕಷ್ಟವಾಯಿತಂತೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಎಂಬ ಒಳದಾರಿ ಮಾಡಿಕೊಂಡ. ಅದೇ ಕಾಂಟ್ರಾಕ್ಕೂ ಬಂದು 30 ಜೀವವಾಯಿತು. ಹಾಶಿಮೊಟೊ 2020ರಲ್ಲಿ ತೀರಿಕೊಂಡಾಗ ಭೂಮಿಯ ಮೇಲಿನ ಎಷ್ಟೋ ಜನ ಆ ಹತ್ತು ಗುಂಡಿಗಳನ್ನೇ ಬರೆದು ಶ್ರದ್ಧಾಂಜಲಿ ಸಲ್ಲಿಸಿದರು. ನಮ್ಮ ಕ್ಯಾಸೆಟ್ಟು ಮಾಡಿದವನಿಗೆ ಅಷ್ಟೂ ತಾಳ್ಮೆ ಇಲ್ಲ. ರಹಸ್ಯವನ್ನು ಪಟ್ಟಿಯಲ್ಲೇ ಆರನೇ ಸಾಲಿಗೆ ಹಾಕಿಬಿಟ್ಟಿದ್ದ.

ಅಂತೂ ಭಾವಮೈದನ ಅಸಲಿ ಫ್ಯಾಮಿಕಾಮ್ ಬಂತು. ಮಾರಿಯೋ ಹಾಕಿದ. ಇಬ್ಬರೂ ಸೋಫಾದಲ್ಲಿ ಮುಂದಕ್ಕೆ ಬಾಗಿ ಕೂತೆವು. ಸಂಗೀತ ಶುರುವಾಯಿತು. ಒಬ್ಬರ ಮುಖ ಒಬ್ಬರು ನೋಡಿದೆವು.

"ಇದೆಂತ ಭಾವ, ರೈಲಿಗೆ ಹೊತ್ತಾದ ಹಾಗೆ ಓಡ್ತಾ ಉಂಟಲ್ಲ?"

ನನ್ನ ಎಮ್ಯುಲೇಟರಿನಲ್ಲೂ ಅದು ಹೀಗೆಯೇ ಅವಸರ ಮಾಡುತ್ತಿತ್ತು. ಸಾಫ್ಟ್‌ವೇರಿನ ದೋಷ ಎಂದು ಅವನು ಹಂಗಿಸಿದ್ದ. ದೋಷ ಎರಡರಲ್ಲೂ ಇರಲಿಲ್ಲ. ಜಪಾನಿನ, ಅಮೆರಿಕದ ಟೀವಿ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ನಮ್ಮ ದೇಶದ ಪಾಲ್ ಪದ್ಧತಿಯ ಟೀವಿ 50. ಆಟ ಒಂದೊಂದು ಚಿತ್ರಕ್ಕೆ ಒಂದೊಂದು ಹೆಜ್ಜೆ ಇಡುತ್ತದೆ. ಹಾಗಾಗಿ ನಮ್ಮ ಡೂಪ್ಲಿಕೇಟಿನಲ್ಲಿ ಮಾರಿಯೋ ಆರು ಹೆಜ್ಜೆ ಹಾಕಬೇಕಾದ ಹೊತ್ತಿಗೆ ಐದೇ ಹಾಕುತ್ತಿದ್ದ. ತಮಾಷೆಯೆಂದರೆ ಆ ನಕಲು ಚಿಪ್ಪು ಮಾಡಿದವರು ಜಾಣರು. ಚಿಪ್ಪಿನ ಗಡಿಯಾರವನ್ನು ಮೂಲಕ್ಕೆ ಬಹಳ ಹತ್ತಿರ, 1.77 ಮೆಗಾಹರ್ಟ್ಜ್‌ಗೆ ಇಟ್ಟಿದ್ದರು. ಇದರಿಂದ ಶ್ರುತಿ ಹೆಚ್ಚುಕಡಿಮೆ ಸರಿಯಾಗಿಯೇ ಉಳಿದು ಕಾಲಪ್ರಮಾಣ ಮಾತ್ರ ಇಳಿಯಿತು. ಆಟದ ಸಂಗೀತಗಾರ ಕೋಜಿ ಕೊಂಡೊ ದ್ರುತದಲ್ಲಿ ಕಟ್ಟಿದ್ದನ್ನು ನಾವು ಬಾಲ್ಯವಿಡೀ ಮಧ್ಯಮದಲ್ಲಿ ಕೇಳಿದೆವು. ಮೂಲ ಕೃತಿಕಾರನೇ ಈಗ ನಮಗೆ ತಾಳ ತಪ್ಪಿದಂತೆ ಕೇಳುತ್ತಾನೆ.

ಇದಕ್ಕೆ ಪರಿಹಾರ ಸಿಕ್ಕಿದ್ದು ನನ್ನ ಎಮ್ಯುಲೇಟರಿನಲ್ಲಿ. ಎಫ್‌ಸಿಇಯುಎಕ್ಸ್, ಮೆಸೆನ್ ಎಂಬ ಹೆಸರಿನ ಎಮ್ಯುಲೇಟರುಗಳ ಮೆನುವಿನಲ್ಲಿ ಯಾವ ದೇಶದ ಯಂತ್ರ ಬೇಕು ಎಂದು ಕೇಳುತ್ತದೆ. ಅಮೆರಿಕ–ಜಪಾನಿನ ಎನ್‌ಟಿಎಸ್‌ಸಿ, ಯುರೋಪಿನ ಪಾಲ್, ಮೂರನೆಯದು ಡೆಂಡಿ. ಡೆಂಡಿ ಎಂದರೆ 1992ರ ಕೊನೆಗೆ ರಷ್ಯಾದಲ್ಲಿ ಸ್ಟೀಪ್ಲರ್ ಕಂಪನಿ ಮಾರಿದ, ಆನೆಮರಿಯ ಗುರುತಿನ, ಫ್ಯಾಮಿಕಾಮಿನ ಡೂಪ್ಲಿಕೇಟು. ನಮ್ಮಂತೆಯೇ ರಷ್ಯಾದ ಮಕ್ಕಳ ಒಂದು ತಲೆಮಾರೂ ಮಾರಿಯೋನನ್ನು ನಿಧಾನದಲ್ಲೇ ಬಲ್ಲದು. ಅಮೆರಿಕ, ಯುರೋಪುಗಳ ಸಾಲಿನಲ್ಲಿ ಒಂದು ಕಳ್ಳ ಪೆಟ್ಟಿಗೆಯ ಹೆಸರು ಸರಿಸಮನಾಗಿ ಕೂತಿದೆ. ಅದನ್ನು ಒತ್ತಿದೆ. ನಮ್ಮ ಮಾರಿಯೋ ಬಂದ, ನಮ್ಮ ವೇಗದಲ್ಲಿ. ಭಾವಮೈದ ಏನೂ ಅನ್ನದೆ ಕಾಫಿ ಕೇಳಿದ.

ಇಂಥ ನಕಲನ್ನು ಇಷ್ಟು ಪ್ರಾಮಾಣಿಕವಾಗಿ ಮಾಡುವವರು ಯಾರು ಎಂಬ ಕುತೂಹಲ ನನಗೆ ಹಿಡಿದದ್ದು ಆಗಲೇ. ಮೊದಮೊದಲು ಅವರೂ ಅಷ್ಟೇನೂ ಪ್ರಾಮಾಣಿಕರಾಗಿರಲಿಲ್ಲ. 1997ರಲ್ಲಿ ನೆಸ್ಟಿಕಲ್ ಎಂಬ ಎಮ್ಯುಲೇಟರು ಬಂತು. ಡಾಸ್‌ನಲ್ಲಿ ಓಡುತ್ತಿತ್ತು, ಸಾಧಾರಣ ಕಂಪ್ಯೂಟರಿನಲ್ಲೂ ವೇಗ ಕಡಿಮೆಯಾಗುತ್ತಿರಲಿಲ್ಲ. ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಒಂದು ಫ್ಲಾಪಿಗೆ ಮೂವತ್ತೈದು ಮಾರಿಯೋ ಹಿಡಿಸುತ್ತಾರೆ ಎಂಬ ಲೆಕ್ಕವನ್ನು ಮೊದಲ ಸೆಮಿಸ್ಟರಿನಲ್ಲೇ ಕಲಿಯುತ್ತಿದ್ದರು. ಆ ಕಾಲದ ಎಮ್ಯುಲೇಟರುಗಳು ಆಟ ಓಡಿದರೆ ಸಾಕು ಎನ್ನುವ ಜಾತಿ. ಒಂದು ಆಟ ಎಡವಿದರೆ ಆ ಒಂದು ಆಟಕ್ಕೆಂದೇ ತೇಪೆ ಹಾಕಿ ಮುಂದೆ ಹೋಗುವುದು.

ಆಮೇಲೆ ಬಂದವರಲ್ಲಿ ಬ್ಯುಯು, ಕೊನೆಕೊನೆಗೆ ನಿಯರ್ ಎಂಬ ಹೆಸರಿನಿಂದ ಪರಿಚಿತರಾದ ಒಬ್ಬರು ಬೇರೆಯೇ ಹಟ ಹಿಡಿದರು. ಆಟಕ್ಕೆ ತೇಪೆ ಬೇಡ, ಯಂತ್ರವನ್ನೇ ಅದರ ಚಟಗಳ ಸಮೇತ ನಕಲು ಮಾಡೋಣ. ಅವರು 2004ರಲ್ಲಿ ಆರಂಭಿಸಿದ ಬಿಎಸ್‌ಎನ್‌ಇಎಸ್ ಫ್ಯಾಮಿಕಾಮಿನ ತಮ್ಮನಾದ ಸೂಪರ್ ನಿಂಟೆಂಡೊ ಯಂತ್ರದ ಎಮ್ಯುಲೇಟರು. 3.58 ಮೆಗಾಹರ್ಟ್ಜ್‌ಗಿಂತ ಮೇಲೆ ಹೋಗದ ಆ ಪೆಟ್ಟಿಗೆಯನ್ನು ಚಾಚೂತಪ್ಪದೆ ನಟಿಸಲು 3 ಗಿಗಾಹರ್ಟ್ಜ್‌ನ ಕಂಪ್ಯೂಟರು ಬೇಕು ಎಂದು 2011ರಲ್ಲಿ ಬರೆದರು. ಎಂಟುನೂರು ಪಟ್ಟು ಹೆಚ್ಚು ವೇಗ! ಯಾಕೆ ಎನ್ನುವುದಕ್ಕೆ ಅವರು ಕೊಟ್ಟ ಉದಾಹರಣೆಗಳು ನನಗೆ ಬಹಳ ಇಷ್ಟ. ಸ್ಪೀಡಿ ಗೊನ್ಜಾಲಿಸ್ ಎಂಬ, ಯಾರೂ ಅಷ್ಟಾಗಿ ಆಡದ ಆಟದ ಒಂದು ಹಂತದಲ್ಲಿ ಒಂದು ಗುಂಡಿ ಇದೆ. ಹಳೆಯ ಎಮ್ಯುಲೇಟರುಗಳಲ್ಲಿ ಅದನ್ನು ಮುಟ್ಟಿದರೆ ಆಟ ಅಲ್ಲೇ ನಿಂತುಬಿಡುತ್ತಿತ್ತು. ಆಟ ಬರೆದವನು ಕೈತಪ್ಪಿ, ಮೆಮೊರಿಯೇ ಇಲ್ಲದ ಒಂದು ವಿಳಾಸದಿಂದ ಏನನ್ನೋ ಓದಿಕೊಳ್ಳುತ್ತಿದ್ದ. ನಿಜವಾದ ಯಂತ್ರದಲ್ಲಿ ಆ ಖಾಲಿ ಜಾಗ ಓದಿದರೆ ತಂತಿಯಲ್ಲಿ ಉಳಿದುಕೊಂಡ ಹಳೆಯ ಬೆಲೆಯೇ ಸಿಗುತ್ತದೆ, ಆಟ ಮುಂದುವರಿಯುತ್ತದೆ. ಏರ್ ಸ್ಟ್ರೈಕ್ ಪಟ್ರೋಲ್ ಎಂಬ ಇನ್ನೊಂದರಲ್ಲಿ ವಿಮಾನದ ನೆರಳೇ ಕಾಣುತ್ತಿರಲಿಲ್ಲ. ಗೆರೆ ಎಳೆಯುತ್ತಿರುವ ನಡುವೆಯೇ ಯಂತ್ರವನ್ನು ಚಿವುಟಿ ಬಿಡಿಸಿದ ನೆರಳು ಅದು. ಒಂದು ನೆರಳಿಗಾಗಿ, ಯಾರೋ ಮಾಡಿದ ಒಂದು ತಪ್ಪು ತಪ್ಪಾಗಿಯೇ ಉಳಿಯಲಿ ಎಂಬುದಕ್ಕಾಗಿ ಇವರು ವರ್ಷಗಟ್ಟಲೆ ಕೂತರು. ಹಲವು ಕ್ಯಾಸೆಟ್ಟುಗಳೊಳಗಿನ ಚಿಪ್ಪುಗಳ ಮೇಲ್ಪದರವನ್ನು ಆಸಿಡ್ಡಿನಲ್ಲಿ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಳಗೆ ಕೊರೆದ ಸೊನ್ನೆ–ಒಂದುಗಳನ್ನು ಓದಿಸಿದರು. ನಿಯರ್ 2021ರಲ್ಲಿ ತೀರಿಕೊಂಡರು.

ಇದೆಲ್ಲ ಓದಿದ ಮೇಲೆ ನಮ್ಮಿಬ್ಬರ ನಡತೆ ನನಗೆ ವಿಚಿತ್ರವಾಗಿ ಕಾಣತೊಡಗಿತು. ಭಾವಮೈದನ ಪೆಟ್ಟಿಗೆಗೆ ನಲವತ್ತರ ಹರೆಯ. ಕೆಪ್ಯಾಸಿಟರುಗಳು ಸೋರುತ್ತವೆ ಎಂದು ಅವನ್ನು ಬದಲಾಯಿಸಿದ. ಚಿತ್ರ ಮಸುಕು ಎಂದು ಆಂಟೆನಾ ವಯರಿನ ಭಾಗ ಕಿತ್ತು ಎಚ್‌ಡಿಎಂಐ ಹಾಕಿಸಿದ. ಹಳೆಯ ಕ್ಯಾಸೆಟ್ಟುಗಳ ಬೆಲೆ ಕೈಗೆಟುಕುವುದಿಲ್ಲವೆಂದು ಮೆಮೊರಿ ಕಾರ್ಡ್ ಸಿಕ್ಕಿಸುವ ಹೊಸ ಕ್ಯಾಸೆಟ್ಟು ತರಿಸಿದ. ಅದರೊಳಗೆ ಹೋಗುವ ಆಟಗಳು ನನ್ನ ಕಂಪ್ಯೂಟರಿನಲ್ಲಿರುವ ಫೈಲುಗಳೇ. ಬಿಳಿ ಪ್ಲಾಸ್ಟಿಕ್ಕು ಹಳದಿಯಾಗಿದೆ, ಬೆಂಕಿ ಹಿಡಿಯದಿರಲಿ ಎಂದು ಬೆರೆಸಿದ ಬ್ರೋಮಿನಿಂದ ಹಾಗಾಗುತ್ತದೆ ಎನ್ನುತ್ತಾರೆ, ಎಂದು ಕೂದಲಿಗೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ಬಳಿದು, ಊರಿಗೆ ಬಂದಾಗ ಅತ್ತೆಯವರ ಅಂಗಳದಲ್ಲಿ ಬಿಸಿಲಿಗಿಟ್ಟ. ಪಕ್ಕದ ಚಾಪೆಯಲ್ಲಿ ಹಲಸಿನ ಹಪ್ಪಳ. ಅತ್ತೆ ಕಾಗೆ ಓಡಿಸಲು ಕೋಲು ಹಿಡಿದು ಕೂತವರು ಬಹಳ ಹೊತ್ತು ನೋಡಿ, "ಇದನ್ನು ಮಗುಚಿ ಹಾಕ್ಬೇಕಾ, ಅಥವಾ ಒಂದೇ ಮಗ್ಗುಲು ಸಾಕಾ?" ಎಂದು ಕೇಳಿದರು. ಒಟ್ಟಿನಲ್ಲಿ ಒರಿಜಿನಲ್ಲಿನ ಹೊಟ್ಟೆಯೊಳಗೆ ಒರಿಜಿನಲ್ ಆಗಿ ಉಳಿದದ್ದು ಎರಡು ಚಿಪ್ಪು ಮತ್ತು ಅವನ ನಂಬಿಕೆ.

ನಾನೇನು ಕಡಿಮೆ? ನನ್ನ ಮಾನಿಟರು ಕನ್ನಡಿಯಷ್ಟು ಸ್ವಚ್ಛ. ಅದರಲ್ಲಿ ಮಾರಿಯೋ ಇಟ್ಟಿಗೆ ಜೋಡಿಸಿದಂತೆ ಚೌಕ ಚೌಕವಾಗಿ ಕಾಣುತ್ತಾನೆ ಎಂದು ಹಳೆಯ ಟೀವಿಯ ಗೆರೆಗಳನ್ನು ಮೂಡಿಸುವ ಶೇಡರ್ ಎಂಬುದನ್ನು ಹಾಕಿಕೊಂಡೆ. ಅಂಚಿನಲ್ಲಿ ಬಣ್ಣ ಹರಡುವಂತೆ ಮಾಡಿದೆ. ಗಾಜು ಉಬ್ಬಿದಂತೆ ತೋರುವ ಏರ್ಪಾಡೂ ಇದೆ, ಅದನ್ನೂ. ಫ್ಯಾಮಿಕಾಮ್ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಬೊಂಬೆ ತೋರಿಸಲಾರದು. ಒಂಬತ್ತನೆಯದು ಬಂದರೆ ಎಲ್ಲವೂ ಮಿಣಮಿಣ ಎನ್ನತೊಡಗುತ್ತವೆ. ಎಮ್ಯುಲೇಟರಿನಲ್ಲಿ ಈ ಮಿತಿ ತೆಗೆದುಹಾಕಬಹುದು, ನಾನು ತೆಗೆಯುವುದಿಲ್ಲ. ನೂರು ಪಟ್ಟು ಬಲದ ಗ್ರಾಫಿಕ್ಸ್ ಕಾರ್ಡು ಕೊಂಡು, ಅದರ ಬಲವನ್ನೆಲ್ಲ ಚಿತ್ರ ಕೆಡಿಸುವುದಕ್ಕೆ ಖರ್ಚು ಮಾಡಿ ಖುಷಿಪಡುವವನು ನಾನು. ಅವನು ಒರಿಜಿನಲ್ಲಿನ ದೋಷಗಳನ್ನೆಲ್ಲ ಒಂದೊಂದಾಗಿ ಕಿತ್ತು ಹೊರಗೆ ಹಾಕುತ್ತಿದ್ದಾನೆ, ನಾನು ಅವನ್ನೇ ಹೆಕ್ಕಿ ತಂದು ಒಳಗೆ ಇಡುತ್ತಿದ್ದೇನೆ. ಈ ಲೆಕ್ಕದಲ್ಲಿ ಹೋದರೆ ಇನ್ನು ಕೆಲವು ವರ್ಷಕ್ಕೆ ಅವನ ಫ್ಯಾಮಿಕಾಮ್ ನನ್ನ ಕಂಪ್ಯೂಟರಿನಂತೆಯೂ ನನ್ನ ಕಂಪ್ಯೂಟರು ಅವನ ಫ್ಯಾಮಿಕಾಮಿನಂತೆಯೂ ಕಾಣುತ್ತವೆ. ಆಗ ಅದಲುಬದಲು ಮಾಡಿಕೊಂಡರೂ ಆಯಿತು.

ಒಂದು ದೋಷವನ್ನು ಮಾತ್ರ ಇದುವರೆಗೆ ಯಾವ ಎಮ್ಯುಲೇಟರೂ ಕೊಟ್ಟಿಲ್ಲ. ಕ್ಯಾಸೆಟ್ಟು ಹಾಕಿದಾಗ ಚಿತ್ರ ಬಾರದೆ ಪಟ್ಟಿ ಪಟ್ಟಿ ಬಂದರೆ ಅದನ್ನು ತೆಗೆದು, ಒಲೆಗೆ ಊದುಗೊಳವೆಯಲ್ಲಿ ಊದುವ ಹಾಗೆ ಕೆನ್ನೆ ಉಬ್ಬಿಸಿ ಊದುತ್ತಿದ್ದೆವಲ್ಲ, ಅದು. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿತ್ತು. ಉಸಿರಿನ ತೇವಕ್ಕೆ ತಾಮ್ರದ ಹಲ್ಲುಗಳು ಕಿಲುಬು ಹಿಡಿಯುತ್ತವೆ. ತೆಗೆದು ಮತ್ತೆ ಹಾಕುವುದರಿಂದಲೇ ಸಂಪರ್ಕ ಸರಿಹೋಗುತ್ತಿತ್ತು, ಊದಿದ್ದರಿಂದ ಅಲ್ಲ. ಆದರೆ ಊದುವವನಿಗೆ ಮನೆಯಲ್ಲಿ ಇದ್ದ ಗೌರವ? ನಮ್ಮಲ್ಲಿ ದೊಡ್ಡಪ್ಪನ ಮಗ ಆ ವಿದ್ಯೆಯಲ್ಲಿ ಪರಿಣತ. ಅವನು ಊದಿದರೆ ಮಾತ್ರ ಬರುತ್ತದೆ ಎಂದು ನೆರೆಮನೆಯವರೂ ಕ್ಯಾಸೆಟ್ಟು ಹಿಡಿದುಕೊಂಡು ಬರುತ್ತಿದ್ದರು. ಅವನು ಈಗ ಬ್ಯಾಂಕಿನಲ್ಲಿ ಮ್ಯಾನೇಜರು; ಅಂಥ ಮರ್ಯಾದೆ ಅಲ್ಲಿ ಸಿಗುವುದಿಲ್ಲ ಎನ್ನುತ್ತಾನೆ.

ಡಕ್ ಹಂಟ್‌ನಲ್ಲಿ ನನ್ನ ಮಾನ ಕಳೆದವನೂ ಅವನೇ. ಪ್ಲಾಸ್ಟಿಕ್ಕಿನ ಕೋವಿ ಹಿಡಿದು ಟೀವಿಯಲ್ಲಿ ಹಾರುವ ಬಾತುಕೋಳಿಗೆ ಗುಂಡು ಹೊಡೆಯುವ ಆಟ. ಕೋವಿಯಿಂದ ಏನೋ ಕಿರಣ ಹೊರಟು ಟೀವಿಗೆ ತಾಗುತ್ತದೆ ಎಂದೇ ಎಲ್ಲರ ತಿಳಿವಳಿಕೆ. ನಿಜ ತದ್ವಿರುದ್ಧ: ಕೋವಿ ಏನನ್ನೂ ಬಿಡುವುದಿಲ್ಲ, ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಇಡೀ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ. ಕೋವಿಯ ಬಾಯಲ್ಲಿ ಕೂತ ಕಣ್ಣಿಗೆ ಮೊದಲು ಕತ್ತಲೆ, ಕೂಡಲೇ ಬೆಳಕು ಕಂಡರೆ ಗುರಿ ತಾಗಿದಂತೆ. ಮೊದಲು ಕತ್ತಲೆ ಬೇಕೆಂಬ ಷರತ್ತು ಇಟ್ಟದ್ದು ಬಲ್ಬಿಗೆ ಗುರಿಯಿಡುವ ಕಿಲಾಡಿಗಳಿಗಾಗಿ. ಇದೆಲ್ಲ ಗೊತ್ತಿಲ್ಲದೆ ನಾನು ಉಸಿರು ಬಿಗಿಹಿಡಿದು ಹೊಡೆಯುತ್ತಿದ್ದೆ. ಬಾತುಕೋಳಿ ಸರಿಯಾಗಿ ಕೊನೆಯ ಗಳಿಗೆಯಲ್ಲಿ ಮಗ್ಗುಲಿಗೆ ಹೊರಳುತ್ತಿತ್ತು. ನಾಯಿ ಪೊದೆಯಿಂದ ಎದ್ದು ಕಿಸಕ್ಕನೆ ನಗುತ್ತಿತ್ತು. ಒಂದೇ ಬಾತುಕೋಳಿ ಹಾರುವ ಆಟದಲ್ಲಿ ಎರಡನೆಯ ಕಂಟ್ರೋಲರಿನಿಂದ ಅದನ್ನು ಬೇಕಾದತ್ತ ಹಾರಿಸಬಹುದು. ದೊಡ್ಡಪ್ಪನ ಮಗ ನನ್ನ ಬೆನ್ನ ಹಿಂದೆ ಕೂತು, ಕಂಟ್ರೋಲರನ್ನು ದಿಂಬಿನ ಅಡಿಯಲ್ಲಿಟ್ಟುಕೊಂಡು, ಒಂದು ಇಡೀ ಬೇಸಿಗೆ ಬಾತುಕೋಳಿಯಾಗಿದ್ದ.

ಭಾವಮೈದ ಗೆಲ್ಲುವುದು ಈ ಒಂದು ಕಡೆ. ಎಲ್‌ಸಿಡಿ ಪರದೆಯಲ್ಲಿ ಆ ಕೋವಿ ಕೆಲಸವೇ ಮಾಡುವುದಿಲ್ಲ. ಬಿಳಿ ಚೌಕ ತಡವಾಗಿ ಬರುತ್ತದೆ, ಅಷ್ಟರಲ್ಲಿ ಕೋವಿ ನೋಡಿ ಮುಗಿಸಿರುತ್ತದೆ. ಎಮ್ಯುಲೇಟರಿನಲ್ಲಿ ಮೌಸಿನಿಂದ ಹೊಡೆಯಬಹುದು. ಆದರೆ ಮೌಸಿನಿಂದ ಬಾತುಕೋಳಿ ಕೊಲ್ಲುವುದು ಎಕ್ಸೆಲ್ಲಿನಲ್ಲಿ ಒಂದು ಸೆಲ್ ಒತ್ತಿದಷ್ಟೇ ರೋಮಾಂಚಕ. ಅದಕ್ಕೇ ಅವನು ಎಚ್‌ಡಿಎಂಐ ಹಾಕಿಸಿದ ಮೇಲೂ ಗುಜರಿಯಿಂದ 21 ಇಂಚಿನ ಹಳೆಯ ಟೀವಿ ತಂದು ಬೆಡ್‌ರೂಮಿನಲ್ಲಿಟ್ಟಿದ್ದಾನೆ. ಅದನ್ನು ಮೂರನೇ ಮಹಡಿಗೆ ಹತ್ತಿಸಲು ನಾನೂ ಒಂದು ಕೈ ಹಾಕಿದ್ದೆ, ಆಮೇಲೆ ಒಂದು ವಾರ ಸೊಂಟಕ್ಕೆ ನೋವಿನೆಣ್ಣೆಯನ್ನೂ.

ತಡ ಎಂದೆನಲ್ಲ, ಅವನ ದೊಡ್ಡ ಅಸ್ತ್ರ ಅದೇ. "ನಿಮ್ಮ ಕಂಪ್ಯೂಟರಲ್ಲಿ ಲ್ಯಾಗ್ ಉಂಟು ಭಾವ." ಗುಂಡಿ ಒತ್ತಿದ್ದು ಯುಎಸ್‌ಬಿ ದಾಟಿ, ವಿಂಡೋಸ್ ದಾಟಿ, ಮಾನಿಟರಿನ ಒಳಗಿನ ಸಂಸ್ಕಾರಗಳನ್ನೆಲ್ಲ ಮುಗಿಸಿ ಮಾರಿಯೋಗೆ ತಲುಪುವಷ್ಟರಲ್ಲಿ ಕೆಲವು ಚಿತ್ರಗಳಷ್ಟು ಹೊತ್ತು ಹೋಗಿರುತ್ತದೆ ಎನ್ನುವುದು ನಿಜ, ಒಂದು ಚಿತ್ರ ಎಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ. ಆದರೆ ಅದಕ್ಕೂ ಮದ್ದು ಬಂದಿದೆ. ರೆಟ್ರೋಆರ್ಕ್ ಎಂಬ ಸಾಫ್ಟ್‌ವೇರಿನಲ್ಲಿ 2018ರಿಂದ, ಎಮ್ಯುಲೇಟರು ಒಂದೆರಡು ಚಿತ್ರ ಮುಂದಕ್ಕೆ ಗುಟ್ಟಾಗಿ ಆಡಿ ನೋಡಿ ಅದನ್ನೇ ಈಗ ತೋರಿಸುವ ಏರ್ಪಾಡು ಇದೆ. ಆಟದೊಳಗೇ ಹುಟ್ಟಿನಿಂದ ಇದ್ದ ತಡವೂ ಇದರಿಂದ ಮಾಯವಾಗಿ, ಕೆಲವೊಮ್ಮೆ ನಕಲು ಅಸಲಿಗಿಂತ ಚುರುಕಾಗುತ್ತದೆ. ಇದನ್ನು ಹೇಳಿದರೆ "ಅದು ಮೋಸ" ಎನ್ನುತ್ತಾನೆ. ನಲವತ್ತೈದು ದಾಟಿದ ನಮ್ಮಿಬ್ಬರ ಬೆರಳಿನಲ್ಲಿರುವ ತಡದ ಬಗ್ಗೆ ಇಬ್ಬರೂ ಮಾತೆತ್ತುವುದಿಲ್ಲ.

ಕಳ್ಳತನದ ಮಾತೂ ಬಂದು ಹೋಗುತ್ತದೆ. ಎಮ್ಯುಲೇಟರು ಕಾನೂನುಬಾಹಿರ ಎಂದು ಅವನ ಗುಮಾನಿ. ಪ್ಲೇಸ್ಟೇಷನ್ನಿನ ಎಮ್ಯುಲೇಟರು ಮಾಡಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಹಾಕಿದ ದಾವೆಯಲ್ಲಿ 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ನಿಂತಿತು. ಯಂತ್ರವನ್ನು ಬಿಚ್ಚಿ ಅರಿತು ಹಾಗೆಯೇ ನಡೆದುಕೊಳ್ಳುವ ಸಾಫ್ಟ್‌ವೇರು ಬರೆಯುವುದು ತಪ್ಪಲ್ಲ. ಆಟದ ಫೈಲನ್ನು ಪುಕ್ಕಟೆ ಇಳಿಸಿಕೊಳ್ಳುವುದು ಬೇರೆ ಮಾತು, ಅಲ್ಲಿ ಅವನು ಹೇಳುವುದೇ ಸರಿ. ಆದರೂ 2023ರ ಒಂದು ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಆಗ ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ವಿಡಿಯೋ ಗೇಮ್ ಅಂಗಡಿಯ ಮುಸ್ತಫಾನನ್ನೇ ನೋಡಿ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ ಕ್ಯಾಡಿಲಾಕ್ಸ್ ಆಂಡ್ ಡೈನೊಸಾರ್ಸ್ ಆ ಆಟದ ಅಸಲಿ ಹೆಸರು. ಹಳದಿ ಟೋಪಿಯ ಮುಸ್ತಫಾ ಓಡಿ ಬಂದು ಒದೆಯುವುದೊಂದೇ ನಮಗೆ ಗೊತ್ತಿದ್ದರಿಂದ ಇಡೀ ಆಟಕ್ಕೇ ಅವನ ಹೆಸರು. ಮನೆಯ ಯಾವ ಯಂತ್ರಕ್ಕೂ ಅದು ಬರಲೇ ಇಲ್ಲ. ನಿಕೋಲಾ ಸಾಲ್ಮೋರಿಯಾ ಎಂಬ ಇಟಲಿಯವನು 1997ರಲ್ಲಿ ಶುರುಮಾಡಿದ ಮೇಮ್ ಎಂಬ ಎಮ್ಯುಲೇಟರು ಇಲ್ಲದಿದ್ದರೆ ಮುಸ್ತಫಾ ನಮ್ಮ ಪಾಲಿಗೆ ಎಂದೋ ಸತ್ತಿದ್ದ. ಅಲ್ಲಿ 5 ಎಂಬ ಕೀ ಒತ್ತಿದರೆ ಕಾಸು ಹಾಕಿದ ಲೆಕ್ಕ. ಒತ್ತಿದಷ್ಟೂ ಕಾಸು. ಕಿಸೆಯಲ್ಲಿ ಉಳಿದದ್ದು ಒಂದೇ ನಾಣ್ಯ, ಅದೇ ವಾಪಸು ಹೋಗುವ ಬಸ್ಸಿನ ದುಡ್ಡು ಎಂದಾಗ ಮುಸ್ತಫಾ ತೋರಿಸುತ್ತಿದ್ದ ಶೌರ್ಯ ಈಗ ತೋರಿಸುವುದಿಲ್ಲ, ಅದು ಬೇರೆ.

ಇಷ್ಟೆಲ್ಲ ಆದ ಮೇಲೆ 2016ರಲ್ಲಿ ನಿಂಟೆಂಡೊ ಕಂಪನಿಯೇ ಅಂಗೈಯಗಲದ ಪುಟ್ಟ ಎನ್‌ಇಎಸ್ ಒಂದನ್ನು ಮಾರುಕಟ್ಟೆಗೆ ಬಿಟ್ಟಿತು, ಒಳಗೆ 30 ಆಟ. ಬಿಚ್ಚಿ ನೋಡಿದವರಿಗೆ ಅದರೊಳಗೆ ಕಂಡದ್ದು ಹಳೆಯ ಚಿಪ್ಪಲ್ಲ. ಫೋನುಗಳಲ್ಲಿರುವಂಥ ಪ್ರೊಸೆಸರು, ಲಿನಕ್ಸು, ಅದರ ಮೇಲೆ ಒಂದು ಎಮ್ಯುಲೇಟರು. ಅಸಲಿ ಕಂಪನಿಯ ಅಸಲಿ ಮಾಲು, ಒಳಗಿರುವುದು ನನ್ನ ಪಂಗಡ. ನಾನು ಸಿಹಿ ಹಂಚುವುದೊಂದು ಬಾಕಿ. ಅದು ಖಾಲಿಯಾಗುತ್ತಿದ್ದಂತೆ ಅದೇ ಆಕಾರದ, 620 ಆಟಗಳೆಂದು ಬರೆದ ಚೀನಾ ಡೂಪ್ಲಿಕೇಟುಗಳು ಎಲ್ಲೆಲ್ಲೂ ಬಂದವು. ನಮ್ಮಲ್ಲಿ ಆನ್‌ಲೈನಿನಲ್ಲೂ ಫುಟ್‌ಪಾತಿನಲ್ಲೂ ಸಿಗುತ್ತವೆ. ಅವುಗಳೊಳಗೆ ಲಿನಕ್ಸೂ ಇಲ್ಲ, ಎಮ್ಯುಲೇಟರೂ ಇಲ್ಲ. ಅಷ್ಟು ಅಗ್ಗಕ್ಕೆ ಅದು ಗಿಟ್ಟುವುದಿಲ್ಲ. ಇರುವುದು ಫ್ಯಾಮಿಕಾಮಿನ ಸರ್ಕೀಟನ್ನು ಒಂದೇ ಚಿಪ್ಪಿಗೆ ಇಳಿಸಿದ ಹಾರ್ಡ್‌ವೇರು, ನಮ್ಮ ದುಬೈ ಪೆಟ್ಟಿಗೆಯ ಮೊಮ್ಮಗ. ಅಂದರೆ ಕಂಪನಿಯ ಒರಿಜಿನಲ್ ಕೊಂಡವನಿಗೆ ಸಿಗುವುದು ನಕಲು ಸಾಫ್ಟ್‌ವೇರು, ಫುಟ್‌ಪಾತಿನ ಡೂಪ್ಲಿಕೇಟು ಕೊಂಡವನಿಗೆ ಹಾರ್ಡ್‌ವೇರು.

ಭಾವಮೈದನಿಗೆ ಫೋನು ಮಾಡಿ ಇದನ್ನು ವಿವರಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಾಗಾದ್ರೆ ಹೋಲಿಸಿ ನೋಡ್ಲಿಕ್ಕೆ ಎರಡೂ ಬೇಕಲ್ಲ ಭಾವ" ಎಂದ. ದನಿ ತಗ್ಗಿಸಿ, "ನಮ್ಮನೆಯವಳಿಗೆ ಗೊತ್ತಾಗುದು ಬೇಡ, ಪಾರ್ಸೆಲ್ಲು ನಿಮ್ಮ ಅಡ್ರೆಸ್ಸಿಗೆ ಹಾಕಿಸ್ತೇನೆ. ಅಕ್ಕ ಕೇಳಿದ್ರೆ ನಿಮ್ಮದೇ ಅಂತ ಹೇಳಿ."